ಇಲ್ಲ ಎನ್ನುವ ಮುನ್ನ

ನಮ್ಮ ಮನೆಯ ಕಂಪ್ಯೂಟರು ಇರುವುದು ಮೆಟ್ಟಿಲ ಕೆಳಗಿನ ಗೂಡಿನಲ್ಲಿ. ಒಂದು ಪಕ್ಕ ಪೊರಕೆ, ಬಕೆಟ್ಟು, ಇನ್ನೊಂದು ಪಕ್ಕ ಯಾರೂ ಹಾಕದ ಚಪ್ಪಲಿಗಳು, ನಡುವೆ ಅದು. ಯಾವುದೋ ಆಫೀಸಿನವರು ಎಸೆಯುವ ಬದಲು ನಮಗೆ ಕೊಟ್ಟು ಪುಣ್ಯ ಕಟ್ಟಿಕೊಂಡ ಡಬ್ಬ. ಸುಮ್ಮನಿದ್ದಾಗ ಅದು ಅಲ್ಲಿದೆಯೆಂದೇ ಗೊತ್ತಾಗುವುದಿಲ್ಲ. ಯಾರಾದರೂ ಲಾಗಿನ್ ಆಗುವಾಗ ಮಾತ್ರ ಒಳಗಿನ ಫ್ಯಾನು ಎದ್ದು, ಎದೆ ತುಂಬಿ ಬಂದವರಂತೆ ಒಂದು ನಿಟ್ಟುಸಿರು ಬಿಟ್ಟು, ಮತ್ತೆ ತಣ್ಣಗಾಗುತ್ತದೆ.

ಆ ಗೂಡಿನ ಪಕ್ಕದಲ್ಲೇ ಮಿಷನ್ ಹಾಕಿಕೊಂಡು ಕೂರುವವಳು ಹೊಲಿಗೆಯವಳು. ಒಂದು ಮಧ್ಯಾಹ್ನ ಕಾಲು ನಿಲ್ಲಿಸದೆ, ಬಟ್ಟೆಯಿಂದ ಕಣ್ಣು ತೆಗೆಯದೆ ಹೇಳಿದಳು.

"ಅಕ್ಕಾ, ಅದು ಉಸಿರು ಬಿಡ್ತಾ ಇದೆ."

"ಬಿಡ್ಲಿ. ನಾನೂ ಬೆಳಗಿಂದ ಬಿಡ್ತಾ ಇದ್ದೀನಿ. ನನ್ನನ್ನ ಯಾರು ವಿಚಾರಿಸ್ತಾರೆ?"

"ಅದಲ್ಲಕ್ಕಾ. ಯಾರೂ ಲಾಗಿನ್ ಆಗಿಲ್ಲ. ಎಲ್ಲರೂ ಊಟಕ್ಕೆ ಕೂತಿದ್ದಾರೆ. ಫೋನೆಲ್ಲ ಕಿಟಕಿ ಮೇಲಿದೆ ನೋಡಿ."

ನೋಡಿದೆ. ನಿಜವೇ. ಕಿಟಕಿಯ ಮೇಲೆ ಫೋನುಗಳು ಸಾಲಾಗಿ ಮಲಗಿದ್ದವು. ಆಗ ನನ್ನ ಕಣ್ಣೆದುರೇ ಗೂಡಿನೊಳಗೆ ಅದು ಎದ್ದು, ಉಸಿರು ಬಿಟ್ಟು, ಮಲಗಿತು.

ಅಡುಗೆಯವಳು ಸೌಟು ಹಿಡಿದುಕೊಂಡೇ ಬಂದು ಬಗ್ಗಿ ನೋಡಿದಳು. "ಒಳಗೆ ಯಾವಳೋ ಕೂತಿದ್ದಾಳೆ. ಪಾಸ್‌ವರ್ಡ್ ಮರೆತು ಪ್ರಾಣ ಬಿಟ್ಟವಳು."

"ನಿನ್ನ ತಲೆ. ಹೋಗು, ಸಾರು ಉಕ್ಕತ್ತೆ," ಎಂದೆ. ಆದರೆ ನನ್ನ ಕೈಯ ರೋಮ ಎದ್ದಿದ್ದವು. ಸಿಟ್ಟು ಬಂತು. ಹೆದರಿಕೆಯಾದರೂ ನನಗೆ ಮೊದಲು ಬರುವುದು ಸಿಟ್ಟೇ.

ಮನೆಯ ವಿಷಯ ಹೇಳಿಬಿಡುತ್ತೇನೆ. ಹೊರಗಿನ ಬೋರ್ಡಿನಲ್ಲಿ ಹೊಲಿಗೆ ತರಬೇತಿ ಕೇಂದ್ರ ಎಂದಿದೆ. ಸುಳ್ಳಲ್ಲ, ಹೊಲಿಯುತ್ತೇವೆ. ಆದರೆ ಇಲ್ಲಿರುವವರೆಲ್ಲ ಗಂಡನಿಂದಲೋ ಅಪ್ಪನಿಂದಲೋ ಅಣ್ಣತಮ್ಮಂದಿರಿಂದಲೋ ಜೀವ ಉಳಿಸಿಕೊಂಡು ಬಂದ ಹೆಂಗಸರು. ಕೆಲವರು ಇಲ್ಲೇ ಇದ್ದಾರೆ, ಕೆಲವರು ಬೇರೆ ಕಡೆ ಕೆಲಸ ಹಿಡಿದು ಹೋಗಿದ್ದಾರೆ. ವಕೀಲರು ಹೇಳಿ ಕಳಿಸಿದ ಮಾತು, ಕೋರ್ಟಿನ ತಾರೀಕು ಇಂಥದ್ದನ್ನು ನೋಡಲು ಆ ಕಂಪ್ಯೂಟರು. ಬಟ್ಟೆ ಹೊಲಿಸುವವರಿಗೆಂದು ನಮ್ಮ ವಿಳಾಸ ಹಾಕಿ ಮಾಡಿದ, ಆ ಡಬ್ಬದೊಳಗಿಂದಲೇ ನಡೆಯುವ ವೆಬ್‌ಸೈಟಿನ ಮೂಲೆಯಲ್ಲಿ ಲಾಗಿನ್ ಇದೆ, ಎಲ್ಲರೂ ತಮ್ಮ ಫೋನಿನಿಂದಲೇ ಒಳಗೆ ಹೋಗುತ್ತಾರೆ. ನಮ್ಮಣ್ಣನ ಮಗಳು ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಅವಳೇ ರಜಾದಿನಗಳಲ್ಲಿ ಕೂತು ಮಾಡಿಕೊಟ್ಟದ್ದು.

ಲಾಗಿನ್‌ಗೆ ಯಾರೂ ತಮ್ಮ ನಿಜವಾದ ಹೆಸರು ಕೊಡಬಾರದು ಎಂದು ನಿಯಮ ಮಾಡಿದ್ದೆವು. ಬೇರೆ ಹೆಸರು ಕೊಡಿ, ಆದರೆ ಎಂದೂ ಮರೆಯದಂಥದ್ದು ಕೊಡಿ ಎಂದು ಹೇಳುತ್ತಿದ್ದೆವು. ಹೆದರಿ ಓಡಿ ಬಂದವರಿಗೆ ತಮ್ಮ ವಯಸ್ಸೇ ನೆನಪಿರುವುದಿಲ್ಲ, ಹಾಗಾಗಿ. ಎಂದೂ ಮರೆಯದ ಹೆಸರು ಎಂದರೆ ಎದೆಯೊಳಗೆ ಇರುವ ಹೆಸರು, ಮತ್ತು ಎದೆಯೊಳಗೆ ಇರುವುದು ಜೊತೆಗೆ ಬದುಕಿದವನಿಗೂ ಗೊತ್ತಿರುತ್ತದೆ. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇನ್ನೊಂದು ನಿಯಮ ಗೇಟಿನದು. ನನಗಿಂತ ಮೊದಲು ಈ ಮನೆ ನೋಡಿಕೊಳ್ಳುತ್ತಿದ್ದ ದೊಡ್ಡಮ್ಮ ಕಲಿಸಿದ್ದು. ಯಾರೇ ಬಂದು ಯಾರನ್ನೇ ಕೇಳಲಿ, ನಿಂತಲ್ಲೇ ಇಲ್ಲ ಎನ್ನಬಾರದು. ಇರಿ, ನೋಡಿಕೊಂಡು ಬರುತ್ತೇನೆ ಎನ್ನಬೇಕು. ಅಡುಗೆಮನೆಯವರೆಗೆ ನಡೆಯಬೇಕು, ಒಂದು ಲೋಟ ನೀರು ಕುಡಿಯಬೇಕು, ವಾಪಸು ಬಂದು ಇಲ್ಲ ಎನ್ನಬೇಕು. ಆ ಹೆಸರಿನವಳು ಇರಲಿ, ಇಲ್ಲದಿರಲಿ, ಹುಟ್ಟೇ ಇಲ್ಲದಿರಲಿ, ಅದೇ ನಡಿಗೆ, ಅದೇ ಲೋಟ. ಯಾಕೆಂದರೆ ಗೊತ್ತಿಲ್ಲದ ಹೆಸರಿಗೆ ಇಲ್ಲ ಎಂಬ ಮಾತು ನಾಲಿಗೆಯಿಂದ ತಾನಾಗಿ ಜಾರುತ್ತದೆ. ಗೊತ್ತಿರುವ ಹೆಸರಿಗೆ ಅದೇ ಮಾತು ಗಂಟಲಲ್ಲಿ ಒಂದು ಚೂರು ತಡೆಯುತ್ತದೆ. ಗೇಟಿನ ಆಚೆ ನಿಂತವನು ಆ ತಡೆಗಾಗಿಯೇ ಕಾಯುತ್ತಿರುತ್ತಾನೆ.

ಆ ನೀರು ನನಗೆ ಬೇರೆ ರೀತಿಯಲ್ಲೂ ಉಪಕಾರ ಮಾಡಿದೆ. ಅದಿಲ್ಲದಿದ್ದರೆ ಎಷ್ಟೋ ಜನರ ಕೆನ್ನೆಗೆ ಬಾರಿಸಿರುತ್ತಿದ್ದೆ.

ಆ ವಾರವೆಲ್ಲ ಮಧ್ಯಾಹ್ನದ ಹೊತ್ತಿಗೆ ಅದು ಹೀಗೆ ಉಸಿರು ಬಿಡುತ್ತಲೇ ಇತ್ತು. ಮನೆಯಲ್ಲಿದ್ದವರನ್ನೆಲ್ಲ ಕೇಳಿದೆ, ಹೊರಗಿರುವವರಿಗೆ ಫೋನು ಮಾಡಿದೆ. ಯಾರೂ ಮುಟ್ಟಿರಲಿಲ್ಲ. ಒಬ್ಬಳಂತೂ, "ಅಕ್ಕಾ, ನನಗೆ ಅದು ಹೇಗೆ ತೆಗೆಯೋದು ಅಂತಾನೇ ಮರೆತುಹೋಗಿದೆ" ಎಂದಳು. ಅವಳಿಗೆ ಎರಡು ಬೈದು ಅಣ್ಣನ ಮಗಳನ್ನು ಕರೆಸಿದೆ.

ಅವಳು ರಜೆ ಹಾಕಿ ಬಂದಳು. ಬಂದವಳೇ ಗೂಡಿನ ಮುಂದೆ ಚಕ್ಕಳಮಕ್ಕಳ ಕೂತು ಸ್ಕ್ರೀನು ಹಚ್ಚಿದಳು.

"ಫ್ಯಾನಿನ ಬೇರಿಂಗ್ ಹೋಗಿದೆ ಅತ್ತೆ. ಅದಕ್ಕೇ ಸದ್ದು."

"ಸದ್ದು ಯಾಕೆ ಅಂತ ಕೇಳಲಿಲ್ಲ ನಾನು. ಯಾರೂ ಮುಟ್ಟದೆ ಯಾಕೆ ಅಂತ ಕೇಳಿದೆ."

"ಹೊರಗಿಂದ ಯಾರೋ ತಪ್ಪು ಹೆಸರು ಹೊಡೀತಿರಬೇಕು. ಏನೂ ಆಗಲ್ಲ. ಹೆಸರು ತಪ್ಪಾದ್ರೂ ಪಾಸ್‌ವರ್ಡ್ ತಪ್ಪಾದ್ರೂ ಒಂದೇ ಉತ್ತರ ಕೊಡೋ ಹಾಗೆ ಮಾಡಿದ್ದೀನಿ. 'ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ.' ಯಾವುದು ತಪ್ಪು ಅಂತ ಹೇಳೋದೇ ಇಲ್ಲ. ಹೊರಗಿನವನಿಗೆ ಇಲ್ಲಿ ಯಾರಿದ್ದಾರೆ ಅಂತ ಗೊತ್ತಾಗೋಕೆ ಸಾಧ್ಯಾನೇ ಇಲ್ಲ."

ಅಡುಗೆಯವಳಿಗೆ ಆಟ ಬೇಕಿತ್ತು. ತನ್ನ ಫೋನು ತಂದು, "ನಾನೊಂದು ಹೊಡೀತೀನಿ ಇರು" ಎಂದು ಬಾಯಿಗೆ ಬಂದ ಅಸಂಬದ್ಧ ಹೆಸರೊಂದನ್ನು ಒತ್ತಿದಳು. ಗೂಡು ಸುಮ್ಮನಿತ್ತು. ಉತ್ತರ ಕೂಡಲೇ ಬಂತು: ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ.

"ಈಗ ನನ್ನ ಹೆಸರು, ಪಾಸ್‌ವರ್ಡ್ ಸುಳ್ಳು" ಎಂದು ಮತ್ತೆ ಒತ್ತಿದಳು.

ಗೂಡಿನೊಳಗೆ ಅದು ಎದ್ದಿತು. ನಿಟ್ಟುಸಿರು ಬಿಟ್ಟಿತು. ಮಲಗಿತು. ಆಮೇಲೆ ಬಂತು ಉತ್ತರ: ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ.

"ಮಾತು ಅದೇ," ಅಂದಳು ಅಡುಗೆಯವಳು. "ಆದ್ರೆ ನನ್ನ ಹೆಸರಿಗೆ ಸ್ವಲ್ಪ ಯೋಚನೆ ಮಾಡಿ ಹೇಳ್ತು. ಮರ್ಯಾದೆ ಇದೆ ನನಗೆ."

ಅಣ್ಣನ ಮಗಳು ಫೋನು ಕಿತ್ತುಕೊಂಡು ಇನ್ನೊಂದು ಸುಳ್ಳು ಹೆಸರು ಹೊಡೆದಳು, ಮತ್ತೊಂದು ನಿಜದ್ದು ಹೊಡೆದಳು. ಸುಳ್ಳಿಗೆ ಥಟ್ಟನೆ, ನಿಜಕ್ಕೆ ಉಸಿರು ಬಿಟ್ಟು.

"ಏನೇ ಅದು? ಬಾಯಿ ಬಿಟ್ಟು ಹೇಳು."

"ಅತ್ತೆ, ಹೆಸರೇ ಇಲ್ಲದಿದ್ರೆ ಇದಕ್ಕೆ ಕೆಲಸವೇ ಇಲ್ಲ. ಅಲ್ಲೇ ಇಲ್ಲ ಅಂದುಬಿಡತ್ತೆ. ಹೆಸರು ಇದ್ರೆ, ಕೊಟ್ಟ ಪಾಸ್‌ವರ್ಡ್ ತಗೊಂಡು ಅರೆದು ನುಣ್ಣಗೆ ಮಾಡಿ, ಮೊದಲೇ ಅರೆದಿಟ್ಟಿದ್ದರ ಜೊತೆ ತಾಳೆ ನೋಡಬೇಕು. ಕಳ್ಳರು ಒಂದರ ಹಿಂದೆ ಒಂದು ಹೊಡೀಬಾರದು ಅಂತ ಆ ಅರೆಯೋದನ್ನ ಬೇಕು ಅಂತಲೇ ನಿಧಾನ ಮಾಡಿರ್ತೀವಿ. ಈ ಮುದಿ ಡಬ್ಬಕ್ಕೆ ಅದು ಇನ್ನೂ ನಿಧಾನ. ಅದಕ್ಕೇ ಏದುಸಿರು."

"ಅಂದ್ರೆ?"

"ಅಂದ್ರೆ, ಒಂದು ಹೆಸರು ಹೊಡೆದು ಸುಮ್ನೆ ಕಾದ್ರೆ ಸಾಕು. ತಡ ಆಯ್ತು ಅಂದ್ರೆ ಆ ಹೆಸರಿನವರು ಇಲ್ಲಿದ್ದಾರೆ."

ಅಲ್ಲಿಯವರೆಗೆ ನಡೆಯುತ್ತಲೇ ಇದ್ದ ಹೊಲಿಗೆ ಮಿಷನ್ ನಿಂತಿತು.

"ಗೇಟಲ್ಲಿ ನೀರು ಕುಡಿದು ಬರ್ತೀರಲ್ಲ ಅಕ್ಕಾ," ಎಂದಳು ಹೊಲಿಗೆಯವಳು. "ಇದಕ್ಕೆ ನೀರು ಕುಡಿಯೋದು ಯಾರೂ ಹೇಳಿಕೊಡಲಿಲ್ಲ."

ಅಣ್ಣನ ಮಗಳು ಸ್ಕ್ರೀನಿನಲ್ಲಿ ಇನ್ನೊಂದು ಕಪ್ಪು ಕಿಟಕಿ ತೆರೆದಳು. ಹೊರಗಿನಿಂದ ಯಾರು ಯಾವ ಹೆಸರು ಹೊಡೆದರೂ ಅದು ಆ ಕ್ಷಣಕ್ಕೆ ಅಲ್ಲಿ ಮೂಡುತ್ತದಂತೆ. ನಾವು ನಾಲ್ವರೂ ಪೊರಕೆ ಬಕೆಟ್ಟುಗಳ ನಡುವೆ ತಲೆಗೆ ತಲೆ ತಾಗಿಸಿ ಕೂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಆಮೇಲೆ ಕಪ್ಪಿನ ಮೇಲೆ ಬಿಳಿಯಾಗಿ ಒಂದು ಹೆಸರು ಬಂತು.

ಹೆಂಗಸಿನ ಹೆಸರು. ಯಾವುದೋ ಹೂವಿನದು. ಗೂಡು ಉಸಿರು ಬಿಟ್ಟಿತು. ಆ ಹೂವಿನ ಹೆಸರಿಟ್ಟುಕೊಂಡವಳು ನಮ್ಮಲ್ಲಿ ಒಬ್ಬಳಿದ್ದಳು. ಆಮೇಲೆ ಇನ್ನೊಂದು ಹೆಸರು, ಸದ್ದಿಲ್ಲ. ಮತ್ತೊಂದು, ಸದ್ದಿಲ್ಲ. ಯಂತ್ರ ಹೊಡೆಯುವ ವೇಗವಲ್ಲ ಅದು. ಬೆರಳು ಹೊಡೆಯುವ ವೇಗ. ಹೊಡೆದು, ಕಾದು, ಕೇಳಿಸಿಕೊಂಡು, ಮತ್ತೆ ಹೊಡೆಯುವ ವೇಗ.

ನಂತರ ಬಂದ ಹೆಸರು ನೋಡಿ ಹೊಲಿಗೆಯವಳು ನನ್ನ ಮೊಣಕೈ ಹಿಡಿದಳು. ಅದು ಅವಳ ನಿಜವಾದ ಹೆಸರು. ಗೂಡು ಸುಮ್ಮನಿತ್ತು.

"ಸದ್ಯ," ಎಂದೆ.

"ಅವನು," ಎಂದಳು.

ಅವಳ ಗಂಡ ಬೀಗ ರಿಪೇರಿ ಮಾಡುವವನು. ಅವಳು ಬಂದ ಹೊಸತರಲ್ಲಿ ಹೇಳಿದ್ದಳು. ಕೀಲಿ ಕಳೆದುಕೊಂಡವರು ಅವನನ್ನು ಕರೆಯುತ್ತಾರೆ. ಅವನು ಬಾಗಿಲಿಗೆ ಕಿವಿ ಹಚ್ಚಿ, ತಂತಿಯೊಂದನ್ನು ಬೀಗದೊಳಗೆ ಬಿಟ್ಟು, ಒಂದೊಂದೇ ಹಲ್ಲನ್ನು ಮುಟ್ಟಿ ನೋಡುತ್ತಾನೆ. ಒತ್ತುವುದಿಲ್ಲ, ಮುರಿಯುವುದಿಲ್ಲ. ಸರಿಯಾದ ಹಲ್ಲು ಸಿಕ್ಕಾಗ ಬೀಗ ಒಂದು ಕೂದಲೆಳೆಯಷ್ಟು ತಡೆದು ಬಿಡುತ್ತದಂತೆ. ಬೀಗಕ್ಕೆ ಸುಳ್ಳು ಹೇಳಲು ಬರುವುದಿಲ್ಲ ಎಂದು ನಗುತ್ತಿದ್ದನಂತೆ. ಕೆಲಸಕ್ಕೆ ಹೋಗುವಾಗ ಇವಳನ್ನು ಒಳಗೆ ಹಾಕಿ ತಾನೇ ಮಾಡಿದ ಬೀಗ ಹಾಕಿಕೊಂಡು ಹೋಗುತ್ತಿದ್ದ. ವರ್ಷಗಟ್ಟಲೆ. ಕೊನೆಗೆ ಪಕ್ಕದ ಮನೆಯವರು ಕಿಟಕಿಯ ಸರಳು ಕೊಯ್ದು ಇವಳನ್ನು ಈಚೆ ತಂದರು. ಬಾಗಿಲ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡವನು ಕಿಟಕಿಯ ಬಗ್ಗೆ ಯೋಚಿಸಿರಲಿಲ್ಲ.

ಹೆಂಗಸರು ಸೇರಿಕೊಳ್ಳುವಂಥ ಮನೆಗಳನ್ನು ಒಂದೊಂದಾಗಿ ಹುಡುಕುತ್ತಾ ನಮ್ಮ ವೆಬ್‌ಸೈಟಿಗೂ ಬಂದಿದ್ದನೇನೋ. ಇಂಥವನಿಗೆ ನಮ್ಮ ಗೇಟು, ಬಾಗಿಲು ಒಂದು ಲೆಕ್ಕವೇ ಅಲ್ಲ. ಅವನು ಒಳಗೆ ಬರದೆ ಇರುವುದಕ್ಕೆ ಕಾರಣ ಒಂದೇ: ಅವಳು ಇಲ್ಲಿದ್ದಾಳೆ ಎಂದು ಅವನಿಗೆ ಗೊತ್ತಿಲ್ಲ. ಆ ಗೊತ್ತಿಲ್ಲದಿರುವಿಕೆಯೇ ನಮ್ಮ ಬೀಗ.

ಸ್ಕ್ರೀನಿನಲ್ಲಿ ಹೆಸರುಗಳು ಬರುತ್ತಿದ್ದವು. ಅವಳ ತಾಯಿಯ ಹೆಸರು ಬಂತು. ಮನೆಯಲ್ಲಿ ಕರೆಯುತ್ತಿದ್ದ ಮುದ್ದಿನ ಹೆಸರು ಬಂತು. ಚಿಕ್ಕವಳಿದ್ದಾಗ ಸಾಕಿದ್ದ ನಾಯಿಯ ಹೆಸರು ಬಂದಾಗ ಅವಳು ನಕ್ಕೇಬಿಟ್ಟಳು, ಅಳುವಿಗೆ ಹತ್ತಿರದ ನಗು. "ಅದನ್ನ ನಾನೇ ಹೇಳಿದ್ದೆ ಅವನಿಗೆ. ಮದುವೆಯಾದ ಹೊಸದರಲ್ಲಿ." ಒಂದಕ್ಕೂ ಗೂಡು ಮಿಸುಕಲಿಲ್ಲ. ಅವನು ಅವಳೊಳಗೆ ಕೈ ಹಾಕಿ ಒಂದೊಂದೇ ಹಲ್ಲು ಮುಟ್ಟಿ ನೋಡುತ್ತಿದ್ದ, ನಾವು ಕೂತು ನೋಡುತ್ತಿದ್ದೆವು.

ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ.

"ಮುಗೀತು ಅನ್ಸತ್ತೆ, ಹಾಳಾದವನು ಸುಸ್ತಾದ," ಎಂದು ಅಡುಗೆಯವಳು ಎದ್ದಳು.

ಆಗ ಒಂದು ಹೆಸರು ಮೂಡಿತು. ಪುಟ್ಟ ಹೆಸರು. ನಾನು ಅದನ್ನು ಎಲ್ಲೂ ಕೇಳಿರಲಿಲ್ಲ. ಓದಿ ಮುಗಿಸುವಷ್ಟರಲ್ಲಿ ನಮ್ಮ ಮೊಣಕಾಲುಗಳ ಹತ್ತಿರ ಫ್ಯಾನು ಎದ್ದಿತು. ನಿಟ್ಟುಸಿರು ಬಂತು.

ಹೊಲಿಗೆಯವಳು ಕೈ ಮುಂದೆ ಚಾಚಿ ಆ ಡಬ್ಬದ ಬಾಯಿ ಮುಚ್ಚುವವಳಂತೆ ಅದರ ತೂತುಗಳ ಮೇಲೆ ಅಂಗೈ ಇಟ್ಟಳು.

"ಅದು ನನ್ನದು," ಎಂದಳು.

"ಯಾರ ಹೆಸರೇ ಅದು?"

"ಮಗೂದು. ಹೊಟ್ಟೇಲೇ ಏಳು ತಿಂಗಳಿಗೆ ಹೋಯ್ತಲ್ಲ, ಅದರದ್ದು. ಹುಟ್ಟೋಕೆ ಮುಂಚೆನೇ ಒಂದು ಸಂಜೆ ಇಬ್ಬರೂ ಕೂತು ಇಟ್ಟಿದ್ವಿ. ಯಾರಿಗೂ ಹೇಳಿರಲಿಲ್ಲ. ಮರೆಯದ ಹೆಸರು ಕೊಡು ಅಂದ್ರಿ ನೀವು."

ಅಂದೆ. ನಾನೇ ಅಂದದ್ದು. ಅವಳಿಗೆ ಇನ್ನಾವ ಹೆಸರು ತಾನೇ ಬರುತ್ತಿತ್ತು?

ಒಂದು ಅಸಂಬದ್ಧ ಹೆಸರು ಬಂತು, ಗೂಡು ಸುಮ್ಮನಿತ್ತು. ಮತ್ತೆ ಆ ಮಗುವಿನ ಹೆಸರು. ಅಂಗೈ ಕೆಳಗೆ ಉಸಿರು. ಸಿಕ್ಕ ಹಲ್ಲನ್ನು ಅವನು ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದ.

"ಪ್ಲಗ್ ಕೀಳ್ತೀನಿ," ಅಣ್ಣನ ಮಗಳು ಗೋಡೆಯತ್ತ ತೆವಳಿದಳು.

"ಬೇಡ," ಎಂದಳು ಹೊಲಿಗೆಯವಳು. ಅವಳ ದನಿ ಅಷ್ಟು ಗಟ್ಟಿಯಾಗಿ ನಾನು ಕೇಳಿದ್ದೇ ಇಲ್ಲ. "ಮುಟ್ಟಿದ ತಕ್ಷಣ ಬೀಗ ಬಿಗಿದುಕೊಂಡ್ರೆ ಅವನಿಗೆ ಖಾತ್ರಿ ಆಗತ್ತೆ. ಅವನು ಖಾತ್ರಿ ಇಲ್ಲದೆ ಬಾಗಿಲು ತೆಗೆಯೋನಲ್ಲ. ಅನುಮಾನದಲ್ಲೇ ಇಡಿ."

"ಸರಿ. ಹಾಗಾದ್ರೆ ಎಲ್ಲದಕ್ಕೂ ತಡ ಮಾಡಿಸ್ತೀನಿ. ಇಲ್ಲದ ಹೆಸರು ಬಂದ್ರೂ ಒಂದು ಸುಳ್ಳು ಪಾಸ್‌ವರ್ಡ್ ಇಟ್ಟುಕೊಂಡು ಅರೆಯೋ ಹಾಗೆ. ಇಲ್ಲ ಅಂತ ಗೊತ್ತಿದ್ರೂ ಅರೆದು, ಆಮೇಲೆ ಇಲ್ಲ ಅನ್ನೋ ಹಾಗೆ. ಬರೆಯೋಕೆ ಸ್ವಲ್ಪ ಹೊತ್ತು ಬೇಕು ಅತ್ತೆ."

"ಅಲ್ಲೀವರೆಗೂ?"

ಅಡುಗೆಯವಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. "ಏಳ್ರೇ ಎಲ್ಲರೂ! ಫೋನು ತಗೊಳ್ರೇ! ಲಾಗಿನ್ ಆಗಿ, ಆಚೆ ಬನ್ನಿ, ಮತ್ತೆ ಲಾಗಿನ್ ಆಗಿ! ಕೈ ನಿಲ್ಲಿಸಿದವಳಿಗೆ ಸಂಜೆ ಚಹಾ ಇಲ್ಲ!" ಎಂದು ಕೂಗುತ್ತಾ ಮಲಗಿದ್ದವರನ್ನೆಲ್ಲ ಎಬ್ಬಿಸಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಈ ಮನೆಯಲ್ಲಿ ಓಡು ಎಂದರೆ ಮೊದಲು ಓಡುತ್ತಾರೆ, ಆಮೇಲೆ ಕೇಳುತ್ತಾರೆ. ಎಲ್ಲ ಕೋಣೆಗಳಿಂದ ಹೆಂಗಸರು ತಮ್ಮ ತಮ್ಮ ಗುಟ್ಟಿನ ಹೆಸರು ಒತ್ತತೊಡಗಿದರು.

ಗೂಡಿನೊಳಗೆ ಉಸಿರ ಮೇಲೆ ಉಸಿರು ಎದ್ದಿತು. ಒಂದು ಮುಗಿಯುವ ಮುನ್ನ ಇನ್ನೊಂದು. ಉಬ್ಬಸದ ರೋಗಿಯ ಎದೆಯಂತೆ ಅದು ಏದುತ್ತಿತ್ತು, ಮೆಟ್ಟಿಲ ಹಲಗೆ ನಡುಗುತ್ತಿತ್ತು, ಚಪ್ಪಲಿಯ ರಾಶಿಯಿಂದ ಒಂದು ಚಪ್ಪಲಿ ತಾನಾಗಿ ಉರುಳಿ ಬಿತ್ತು. ಸ್ಕ್ರೀನಿನ ಮೇಲೆ ಹೆಸರುಗಳು ಹರಿಯುತ್ತಿದ್ದವು: ಹೂವು, ಅಜ್ಜಿ, ಗೆಳತಿ, ಸತ್ತ ತಂಗಿ. ಅವುಗಳ ನಡುವೆ ನಡುವೆ, ಬಿಡದೆ, ಆ ಪುಟ್ಟ ಹೆಸರು. ಅವನು ಇನ್ನೂ ಹೊಡೆಯುತ್ತಿದ್ದ. ಈಗ ಅವನಿಗೆ ಸುಳ್ಳಿಗೂ ತಡ, ನಿಜಕ್ಕೂ ತಡ.

ಅಣ್ಣನ ಮಗಳು ಬರೆದು ಮುಗಿಸಿ ಕೈ ಎತ್ತಿದಳು. ಎಲ್ಲರೂ ಫೋನು ಕೆಳಗಿಟ್ಟರು. ಮನೆ ನಿಶ್ಶಬ್ದವಾಯಿತು. ಕಪ್ಪು ಕಿಟಕಿಯಲ್ಲಿ ಅವನ ಅಸಂಬದ್ಧ ಹೆಸರೊಂದು ಬಂತು. ಗೂಡು ಉಸಿರು ಬಿಟ್ಟಿತು. ಮಗುವಿನ ಹೆಸರು ಬಂತು. ಅಷ್ಟೇ ಉಸಿರು, ಅಷ್ಟೇ ಉದ್ದ. ನನಗೆ ಬೇರೆ ಮಾಡಿ ಹೇಳಲು ಆಗಲಿಲ್ಲ.

ಅವನು ನಿಲ್ಲಿಸಿದ.

ನಂಬಿದನೋ ಇಲ್ಲವೋ ತಿಳಿಯಲು ನಮಗೆ ದಾರಿ ಇರಲಿಲ್ಲ. ಹೊಲಿಗೆಯವಳು ಮಾತ್ರ, "ಬಂದೇ ಬರ್ತಾನೆ. ಕಿವಿಗೆ ನಂಬಿಕೆ ಬರದಿದ್ರೆ ಕೈಯಲ್ಲಿ ಮುಟ್ಟಿ ನೋಡ್ತಾನೆ" ಎಂದಳು. ಬೇರೆ ಊರಿನ ಮನೆಗೆ ಕಳಿಸುತ್ತೇನೆ ಎಂದರೆ ಒಪ್ಪಲಿಲ್ಲ. ಬೀದಿಗೆ ಕಾಲಿಟ್ಟರೆ ಎಲ್ಲಿ ನಿಂತು ನೋಡುತ್ತಿರುತ್ತಾನೋ ಎಂಬ ಭಯ ಅವಳಿಗೆ. ಇಲ್ಲೇ ಇರುತ್ತೇನೆ ಎಂದು ಮಿಷನ್ ಮುಂದೆ ಕೂತಳು.

ಬಂದ. ಆ ವಾರ ಕಳೆಯುವ ಮುನ್ನವೇ, ಮಧ್ಯಾಹ್ನದ ಬಿಸಿಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಹೆಗಲಲ್ಲಿ ಒಂದು ಸಣ್ಣ ಚೀಲ. ಬಟ್ಟೆ ಹೊಲಿಸಲು ಬಂದವನೆಂದೇ ತಿಳಿದು ಗೇಟಿಗೆ ಹೋದೆ. ಮೆತ್ತಗಿನ ಮನುಷ್ಯ. ನೋಡಿದರೆ ಕೂರಿಸಿ ನೀರು ಕೊಡಬೇಕು ಎನ್ನಿಸುವಂಥವನು.

"ಅಮ್ಮಾ, ಇಲ್ಲಿ ಒಬ್ಬರು ಇದ್ದಾರೆ ಅಂದ್ರು" ಎಂದು ಯಾವುದೋ ಹೆಸರು ಹೇಳಿದ. ನಮ್ಮಲ್ಲಿ ಇಲ್ಲದ ಹೆಸರು.

"ಇರಿ, ನೋಡ್ಕೊಂಡು ಬರ್ತೀನಿ."

ಅಡುಗೆಮನೆ, ಲೋಟ, ನೀರು. ವಾಪಸು ಬಂದು ಇಲ್ಲ ಎಂದೆ. ಅವನು ತಲೆಯಾಡಿಸಿದ. ಆಗ ಅವನ ಕೈ ನೋಡಿದೆ. ಎರಡು ಬೆರಳು ಗೇಟಿನ ಚಿಲಕದ ಮೇಲೆ ಇದ್ದವು. ಹಿಡಿದಿರಲಿಲ್ಲ, ನಾಡಿ ನೋಡುವವರಂತೆ ಸುಮ್ಮನೆ ಇಟ್ಟಿದ್ದ.

"ಹಾಗಾದ್ರೆ ಇವರು?" ಎಂದು ಈಗ ಹೆಂಡತಿಯ ನಿಜವಾದ ಹೆಸರು ಹೇಳಿದ.

ಗೇಟಿನ ಪಕ್ಕದಲ್ಲೇ ನೀರಿನ ಪೈಪಿತ್ತು. ಎತ್ತಿ ಅವನ ಆ ಇಸ್ತ್ರಿ ಅಂಗಿಯ ಮೇಲೆ ನಾಲ್ಕು ಬಾರಿಸಬೇಕು ಎನ್ನಿಸಿತು. ಬಾರಿಸಿದ್ದರೆ ಅದೇ ಉತ್ತರವಾಗುತ್ತಿತ್ತು. ಇರಿ, ನೋಡ್ಕೊಂಡು ಬರ್ತೀನಿ ಎಂದೆ. ನಡೆದೆ. ಬೇಗ ನಡೆಯಬೇಡ, ನಿಧಾನ ನಡೆಯಬೇಡ ಎಂದು ಕಾಲಿಗೆ ಹೇಳಿಕೊಂಡೇ ನಡೆದೆ. ಇಡೀ ಹಾದಿ ಹೊಲಿಗೆ ಮಿಷನ್ನಿನ ಸದ್ದು ಕೇಳುತ್ತಿತ್ತು, ಟಕಟಕ ಟಕಟಕ ಎಂದು. ನೀರು ಕುಡಿದೆ. ಬಂದು ಇಲ್ಲ ಎಂದೆ.

"ಈ ಚಿಲಕಕ್ಕೆ ಎಣ್ಣೆ ಬಿಡಿ ಅಮ್ಮಾ. ಒಳಗೆ ಸವೆದಿದೆ," ಎಂದು ಅವನು ಹೊರಟ.

ಅವನ ಬೆನ್ನು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಮರೆಯಾದ ಮೇಲೆ ಗೇಟಿಗೆ ಒರಗಿದೆ. ಒಳಗಿನಿಂದ ಅಡುಗೆಯವಳು ಕೈಸನ್ನೆ ಮಾಡಿ ಹೋದನಾ ಎಂದು ಕೇಳಿದಳು. ಹೂಂ ಎನ್ನಲು ಬಾಯಿ ತೆರೆದೆ.

"ಅಮ್ಮಾ."

ಅವನು ಗೇಟಿನ ಆಚೆ ನಿಂತಿದ್ದ. ಹೆಜ್ಜೆಯ ಸದ್ದೇ ಬಂದಿರಲಿಲ್ಲ. ಬೆರಳು ಮತ್ತೆ ಚಿಲಕದ ಮೇಲಿತ್ತು.

"ಇನ್ನೊಂದೇ ಹೆಸರು. ಬೇಜಾರು ಮಾಡ್ಕೋಬೇಡಿ."

ಈ ಸಲ ಅವನು ನನಗೆ ಹೇಳಲಿಲ್ಲ. ಮುಖ ಎತ್ತಿ, ಮನೆಯ ಕಡೆಗೆ, ಜೋರಾಗಿ ಆ ಪುಟ್ಟ ಹೆಸರನ್ನು ಕರೆದ. ಹೊರಗೆ ಆಡುತ್ತಿರುವ ಮಗುವನ್ನು ಊಟಕ್ಕೆ ಕರೆಯುವ ಹಾಗೆ ಕರೆದ. ಕರೆದು, ತಲೆ ಒಂದು ಬದಿಗೆ ವಾಲಿಸಿ ನಿಂತ.

ಅವನು ಕೇಳುತ್ತಿದ್ದದ್ದು ನನ್ನ ಉತ್ತರವನ್ನಲ್ಲ. ಮಿಷನ್ನಿನ ಸದ್ದನ್ನು. ಆ ಹೊತ್ತಿನಲ್ಲಿ ಇಡೀ ಮನೆಯಲ್ಲಿ ಓಡುತ್ತಿದ್ದದ್ದು ಅದೊಂದೇ. ಆ ಕಾಲು ಒಂದು ಚೂರು ತಡೆದರೆ ಸಾಕಿತ್ತು.

ಟಕಟಕ ಟಕಟಕ.

ನಿಲ್ಲಲಿಲ್ಲ.

"ಇರಿ," ಎಂದೆ. "ನೋಡ್ಕೊಂಡು ಬರ್ತೀನಿ."

ಒಳಗೆ ನಡೆದೆ. ಬಾಗಿಲು ದಾಟಿದ ಮೇಲೆ ಅವಳು ಕಂಡಳು. ಕಣ್ಣು ಮುಚ್ಚಿಕೊಂಡು ಕೂತಿದ್ದಳು. ದಿಂಬಿನ ಗವಸು ಹೊಲಿಯುತ್ತಿದ್ದವಳು, ಗವಸು ಮುಗಿದುಹೋಗಿತ್ತು. ಬಟ್ಟೆ ಮುಗಿದದ್ದನ್ನು ಅವಳು ನೋಡಿರಲಿಲ್ಲ. ತನ್ನದೇ ಅಂಗಿಯ ತೋಳನ್ನು ಸೂಜಿಯ ಕೆಳಗೆ ಕೊಟ್ಟು ಹೊಲಿಯುತ್ತಿದ್ದಳು. ಕಾಲು ಅದೇ ಲಯದಲ್ಲಿ ತುಳಿಯುತ್ತಿತ್ತು. ಸೂಜಿ ತೋಳಿನ ಅಂಚಿನಿಂದ ಮಣಿಕಟ್ಟಿನತ್ತ ಸಾಗುತ್ತಿತ್ತು.

ಅವಳ ಕೈ ಎಳೆಯಬಹುದಿತ್ತು. ಎಳೆದರೆ ಸದ್ದು ನಿಲ್ಲುತ್ತಿತ್ತು. ಅವಳ ಪಕ್ಕದಲ್ಲೇ ಹಾದು ಅಡುಗೆಮನೆಗೆ ಹೋದೆ. ಹೊಟ್ಟೆಯಲ್ಲಿ ಆಗಲೇ ಎರಡು ಲೋಟದ ನೀರು ಕುಲುಕುತ್ತಿತ್ತು, ಮೂರನೆಯದನ್ನೂ ಕುಡಿದೆ. ವಾಪಸು ಅವಳ ಪಕ್ಕದಲ್ಲೇ ಹಾದು ಬಂದೆ. ಆ ಹಾದಿಯಷ್ಟು ಉದ್ದದ ಹಾದಿಯನ್ನು ನಾನು ನಡೆದಿಲ್ಲ.

"ಇಲ್ಲ," ಎಂದೆ. "ಆ ಹೆಸರಿನವರು ಇಲ್ಲಿ ಯಾರೂ ಇಲ್ಲ."

ಅವನು ಇನ್ನೂ ತಲೆ ವಾಲಿಸಿಯೇ ನಿಂತಿದ್ದ. ಮಿಷನ್ ಓಡುತ್ತಿತ್ತು. ಆಮೇಲೆ ಅವನ ಮುಖದಲ್ಲಿ ಏನೋ ಸಡಿಲವಾಯಿತು.

"ಇಲ್ವಾ," ಎಂದ. "ಹಾಗಾದ್ರೆ ಎಲ್ಲೂ ಇಲ್ಲ."

ಬೆರಳು ತೆಗೆದ. ಹೋದ. ಈ ಸಲ ಅಡುಗೆಯವಳು ಮಹಡಿಯ ಕಿಟಕಿಯಿಂದ ಅವನು ಬಸ್ಸು ಹತ್ತುವವರೆಗೂ ನೋಡಿದಳು. ಅವಳು ಕೂಗಿ ಹೇಳಿದ ಮೇಲೆ ನಾನು ಓಡಿ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದೆ. ತೋಳು ಗವಸಿಗೆ ಸೇರಿ ಒಂದೇ ಆಗಿತ್ತು. ಸೂಜಿ ಚರ್ಮಕ್ಕೆ ಒಂದು ಬೆರಳಷ್ಟು ದೂರದಲ್ಲಿತ್ತು. ಕತ್ತರಿಯಿಂದ ಕತ್ತರಿಸಿ ಅವಳನ್ನು ಬಿಡಿಸಬೇಕಾಯಿತು.

"ಹುಚ್ಚಿ," ಎಂದು ಬೈದೆ. "ಕೈ ಹೋಗ್ತಿತ್ತಲ್ಲೇ!"

"ಅವನು ಹಾಗೆ ಕರೀತಾನೆ ಅಂತ ನನಗೆ ಗೊತ್ತಿರಲಿಲ್ಲ ಅಕ್ಕಾ," ಎಂದಳು. "ನಾವು ಆ ಹೆಸರು ಇಟ್ಟಿದ್ವಿ ಅಷ್ಟೆ. ಯಾವತ್ತೂ ಕರೆದೇ ಇರಲಿಲ್ಲ."

ಅಣ್ಣನ ಮಗಳು ಬಂದು ಎಲ್ಲರ ಹೆಸರುಗಳನ್ನೂ ಬದಲಿಸಿದಳು. ಈಗ ಹೆಸರಿಲ್ಲ, ಅರ್ಥವಿಲ್ಲದ ಅಕ್ಷರ ಅಂಕಿಗಳ ಸರ. ಮರೆತವರು ನನ್ನಿಂದ ಬೈಸಿಕೊಂಡು ಹೊಸದು ತೆಗೆದುಕೊಳ್ಳಬೇಕು. ಆ ಪುಟ್ಟ ಹೆಸರನ್ನು ಅಳಿಸುವ ಮೊದಲು ಅವಳು ಹೊಲಿಗೆಯವಳ ಮುಖ ನೋಡಿದಳು. "ಅಳಿಸು ತಾಯಿ," ಎಂದು ಇವಳೇ ಹೇಳಿದಳು. ಈಗ ಆ ಹೆಸರಿನವರು ನಮ್ಮ ಮನೆಯಲ್ಲಿ ನಿಜಕ್ಕೂ ಯಾರೂ ಇಲ್ಲ.

ಒಂದು ನಷ್ಟವೂ ಆಯಿತು. ಮೊದಲು ಗೂಡು ಉಸಿರು ಬಿಟ್ಟರೆ ನಮ್ಮಲ್ಲಿ ಒಬ್ಬಳನ್ನು ಯಾರೋ ಹುಡುಕುತ್ತಿದ್ದಾರೆ ಎಂದು ನಮಗೆ ತಿಳಿಯಬಹುದಿತ್ತು. ಈಗ ಎಲ್ಲದಕ್ಕೂ ಒಂದೇ ಉಸಿರು. ಹೊರಗಿನವನಿಗೆ ಕಿವುಡು ಬರಿಸಲು ಹೋಗಿ ನಾವೂ ಕಿವುಡಾದೆವು. ಪೋಲಿ ಹುಡುಗರು ಹೊಡೆದದ್ದೋ, ಯಾವಳ ಗಂಡ ಹೊಡೆದದ್ದೋ, ಮಹಡಿ ಮೇಲೆ ನಮ್ಮವಳೇ ತಪ್ಪು ಒತ್ತಿದ್ದೋ ಹೇಳುವಂತಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ ಹೊಲಿಗೆಯವಳು ಎಲೆಯ ಮುಂದೆ ಇರಲಿಲ್ಲ. ನೋಡಿದರೆ ಗೂಡಿನ ಪಕ್ಕ ಕೂತು ಫೋನಿನಲ್ಲಿ ಏನೋ ಒತ್ತುತ್ತಿದ್ದಳು. ಒತ್ತಿ, ಡಬ್ಬದ ಮೇಲೆ ಅಂಗೈ ಇಟ್ಟಳು. ಅದು ಎದ್ದಿತು, ಉಸಿರು ಬಿಟ್ಟಿತು, ಮಲಗಿತು. ಸರಿಯಿಲ್ಲ ಎಂದು ಉತ್ತರ ಬಂತು. ಯಾವ ಹೆಸರು ಎಂದು ನಾನು ಕೇಳಬೇಕಿರಲಿಲ್ಲ.

"ಇಲ್ಲ ಅಂತ ಗೊತ್ತಿದ್ರೂ," ಎಂದಳು ನನ್ನನ್ನು ನೋಡದೆ, "ಒಳಗೆ ಹೋಗಿ ಹುಡುಕಿ ಬರತ್ತಲ್ಲಕ್ಕಾ."

ಬೈಯಬೇಕೆಂದು ಬಂದವಳು ಸುಮ್ಮನೆ ಅವಳ ಪಕ್ಕ ಕೂತೆ. ಅವಳು ಫೋನನ್ನು ಮಡಿಲಲ್ಲಿ ಕವುಚಿ ಹಾಕಿದಳು. ಮಹಡಿಯವರೆಲ್ಲ ಅಡುಗೆಮನೆಯಲ್ಲಿದ್ದರು, ಅವರ ಫೋನುಗಳು ಕಿಟಕಿಯ ಮೇಲಿದ್ದವು.

ನಮ್ಮ ಬೆನ್ನ ಹಿಂದೆ ಅದು ಮತ್ತೆ ಎದ್ದಿತು.

ಒಂದೇ ಸಲ. ಹೊಡೆದು, ಕಾದು, ಕೇಳಿಸಿಕೊಂಡು, ಸುಮ್ಮನಾಗುವವನ ಒಂದೇ ಸಲ. ಅಣ್ಣನ ಮಗಳನ್ನು ಕೇಳಿದರೆ ಬಂದ ಹೆಸರು ಯಾವುದೆಂದು ನೋಡಿ ಹೇಳುತ್ತಾಳೆ. ನಾನು ಕೇಳಿಲ್ಲ. ಅವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಚಿಲಕ ಬದಲಿಸಿ, ಕಿಟಕಿಗಳಿಗೂ ದಪ್ಪ ಸರಳು ಹಾಕಿಸಿದ್ದೇನೆ. ಆದರೆ ಅಂದಿನಿಂದ ಪ್ರತಿ ಮಧ್ಯಾಹ್ನ, ಅವಳದೊಂದು ಮುಗಿದ ಸ್ವಲ್ಪ ಹೊತ್ತಿಗೆ, ಇನ್ನೊಂದು ಬರುತ್ತದೆ. ಅಷ್ಟೇ ಉದ್ದ, ಅಷ್ಟೇ ಉಸಿರು. ಅವಳು ತಲೆ ಎತ್ತುವುದಿಲ್ಲ. ಮಿಷನ್ ತುಳಿಯುವ ಕಾಲೂ ತಡೆಯುವುದಿಲ್ಲ.